ಉಸಿರು ಕಾಯುವವರಿಗೊಂದು ಹೆಸರು

ಉಸಿರಿನ ವಿಷಯದಲ್ಲಿ ಕನ್ನಡ ಬಡ ಭಾಷೆಯಲ್ಲ. ಏದುಸಿರು, ನಿಟ್ಟುಸಿರು, ಬಿಸಿಯುಸಿರು, ಮೇಲುಸಿರು ಎಂದು ಉಸಿರಿನ ಒಂದೊಂದು ಅವಸ್ಥೆಗೂ ನಮ್ಮಲ್ಲಿ ಒಂದೊಂದು ಮಾತಿದೆ. ಕಾಯಿಲೆಯ ಕಡೆಗೆ ಬಂದರೆ ಉಬ್ಬಸ, ಗೂರಲು, ದಮ್ಮು, ತೇಕು ಎಂಬ ಪದಗಳಿವೆ. ಹಳಗನ್ನಡದ ‘ಉಸಿರ್’ ಎಂಬ ಧಾತುವಿಗೆ ಶ್ವಾಸಿಸು ಎಂಬ ಅರ್ಥದ ಜೊತೆಗೆ ನುಡಿ, ಹೇಳು ಎಂಬ ಅರ್ಥವೂ ಇತ್ತು. ‘ಯಾರಿಗೂ ಉಸುರಬೇಡ’ ಎನ್ನುವಾಗ ಆ ಅರ್ಥ ಇಂದಿಗೂ ನಮ್ಮ ಬಾಯಲ್ಲಿ ಉಳಿದಿದೆ. ಆದರೆ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮತ್ತೊಬ್ಬರ ಉಸಿರನ್ನು ರಾತ್ರಿಯಿಡೀ ಕಾಯುವ ಮನುಷ್ಯನಿಗೆ ಇಷ್ಟು ಸಂಪನ್ನವಾದ ಈ ಭಾಷೆಯಲ್ಲಿ ಒಂದು ಹೆಸರಿಲ್ಲ. ಇಂಗ್ಲಿಷಿನಲ್ಲಿ ರೆಸ್ಪಿರೇಟರಿ ಥೆರಪಿಸ್ಟ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಅವರನ್ನು ‘ಮಶೀನ್ ನೋಡುವವರು’ ಎಂದು ಕರೆದು ಸುಮ್ಮನಾಗುತ್ತೇವೆ.

ಇದು ಕೇವಲ ಪಾರಿಭಾಷಿಕ ಪದದ ಕೊರತೆಯಲ್ಲ ಎಂಬುದು ನನ್ನ ಅಭಿಪ್ರಾಯ. ಕಲ್ಯಾಣದಿಂದ ಠಾಣೆಯವರೆಗೆ, ಅಲ್ಲಿಂದ ವಾಶಿ, ನೆರೂಳ್, ಬೇಲಾಪುರದವರೆಗೆ ಯಾವ ರಸ್ತೆಯಲ್ಲಿ ಹೋದರೂ ನರ್ಸಿಂಗ್ ಹೋಮುಗಳ ಫಲಕಗಳು ಕಾಣುತ್ತವೆ. ಐಸಿಯು ಇದೆ, ವೆಂಟಿಲೇಟರ್ ಇದೆ, ಇಪ್ಪತ್ತನಾಲ್ಕು ಗಂಟೆ ಸೇವೆ ಇದೆ ಎಂದು ಅವು ಸಾರುತ್ತವೆ. ಮನೆಯ ಹಿರಿಯರಿಗೆ ಏದುಸಿರು ಹತ್ತಿದಾಗ ನಾವೂ ಕೇಳುವ ಪ್ರಶ್ನೆ ಒಂದೇ: ‘ವೆಂಟಿಲೇಟರ್ ಇದೆಯೇ?’ ಅದನ್ನು ನಡೆಸುವವರು ಯಾರು, ರಾತ್ರಿ ಎರಡು ಗಂಟೆಗೆ ಅದು ಕೂಗಿಕೊಂಡರೆ ಓಡಿ ಬರುವವರು ಯಾರು, ಅವರು ಎಲ್ಲಿ ಏನು ಕಲಿತವರು ಎಂದು ಕೇಳುವುದಿಲ್ಲ. ಯಂತ್ರವನ್ನು ಎಣಿಸುತ್ತೇವೆ, ಮನುಷ್ಯನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ವೃತ್ತಿ ಬೆಳೆದುಬಂದ ಬಗೆಯನ್ನು ನೋಡಿದರೆ ಈ ಮರೆವಿನ ಬೆಲೆ ಏನೆಂಬುದು ತಿಳಿಯುತ್ತದೆ.

ಈ ವೃತ್ತಿಯ ಹುಟ್ಟು ಬಹಳ ಸಾಮಾನ್ಯವಾದುದು. ಜರ್ಮನಿಯ ಕಾರ್ಲ್ ಫಾನ್ ಲಿಂಡೆ 1895ರಲ್ಲಿ ಗಾಳಿಯನ್ನು ದೊಡ್ಡ ಪ್ರಮಾಣದಲ್ಲಿ ದ್ರವರೂಪಕ್ಕೆ ತರುವ ವಿಧಾನವನ್ನು ಕಂಡುಕೊಂಡ ಮೇಲೆ ಆಮ್ಲಜನಕ ಸಿಲಿಂಡರಿನಲ್ಲಿ ಸುಲಭವಾಗಿ ಸಿಗುವ ಸರಕಾಯಿತು. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲ ಕುಡಿದ ಸೈನಿಕರಿಗೆ ಅದನ್ನು ಕ್ರಮಬದ್ಧವಾಗಿ ಕೊಡುವ ಬಗೆಯನ್ನು ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ತೋರಿಸಿಕೊಟ್ಟರು. ಬಳಿಕ ಅಮೆರಿಕದ ಆಸ್ಪತ್ರೆಗಳಲ್ಲಿ ಭಾರವಾದ ಸಿಲಿಂಡರುಗಳನ್ನು ಉರುಳಿಸಿಕೊಂಡು ಹಾಸಿಗೆಯಿಂದ ಹಾಸಿಗೆಗೆ ಸಾಗಿಸುವ ಆಳುಗಳು ಬೇಕಾದರು. ಅವರನ್ನು ಆಕ್ಸಿಜನ್ ಆರ್ಡರ್ಲಿಗಳು ಎನ್ನುತ್ತಿದ್ದರು. ಸಿಲಿಂಡರಿನ ಜೊತೆಗೆ ರೋಗಿಯ ಮುಖವನ್ನೂ ನೋಡುತ್ತ ನೋಡುತ್ತ, ಯಾರಿಗೆ ಎಷ್ಟು ಬೇಕು, ಯಾವಾಗ ಸಾಕು ಎಂಬುದನ್ನು ಅವರು ಕೈಯಿಂದ ಕಲಿತರು. 1947ರಲ್ಲಿ ಶಿಕಾಗೋ ನಗರದಲ್ಲಿ ಇಂಥವರೂ ಕೆಲವು ವೈದ್ಯರೂ ಕೂಡಿ ಇನ್ಹಲೇಷನಲ್ ಥೆರಪಿ ಅಸೋಸಿಯೇಷನ್ ಎಂಬ ಸಂಘವನ್ನು ನೋಂದಾಯಿಸಿದರು. ಇಂದು ಅಮೆರಿಕನ್ ಅಸೋಸಿಯೇಷನ್ ಫಾರ್ ರೆಸ್ಪಿರೇಟರಿ ಕೇರ್ ಎಂದು ಕರೆಯಲಾಗುವ ಸಂಸ್ಥೆಯ ಬೇರು ಅದು. ಪಾಠ, ಪರೀಕ್ಷೆ, ಪ್ರಮಾಣಪತ್ರಗಳು ಒಂದೊಂದಾಗಿ ಬಂದವು. 1982ರಲ್ಲಿ ಕ್ಯಾಲಿಫೋರ್ನಿಯ ಈ ವೃತ್ತಿಗೆ ಪರವಾನಗಿಯ ಕಾನೂನು ಮಾಡಿತು. ಇತರ ರಾಜ್ಯಗಳು ಹಿಂಬಾಲಿಸಿದವು. ಹಮಾಲಿಯಂತೆ ಆರಂಭವಾದ ಕೆಲಸ ಒಂದು ತಲೆಮಾರಿನ ಅವಧಿಯಲ್ಲಿ ವಿದ್ಯೆಯಾಯಿತು.

ಯಂತ್ರದ ಕತೆ ಇದರ ಪಕ್ಕದಲ್ಲೇ ಸಾಗಿತು. 1928ರಲ್ಲಿ ಹಾರ್ವರ್ಡಿನ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ ನಿರ್ಮಿಸಿದ ‘ಉಕ್ಕಿನ ಶ್ವಾಸಕೋಶ’ ಪೋಲಿಯೊ ರೋಗಿಯ ದೇಹವನ್ನು ಕುತ್ತಿಗೆಯವರೆಗೆ ಒಂದು ಪೆಟ್ಟಿಗೆಯೊಳಗಿಟ್ಟು, ಒಳಗಿನ ಒತ್ತಡವನ್ನು ಏರಿಳಿಸಿ ಉಸಿರಾಡಿಸುತ್ತಿತ್ತು. ಆದರೆ ಆಧುನಿಕ ಉಸಿರಾಟ ಚಿಕಿತ್ಸೆಯ ನಿಜವಾದ ತಿರುವು ಬಂದದ್ದು ಯಂತ್ರಗಳಿಲ್ಲದ ಕಡೆಯಲ್ಲಿ. 1952ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಭೀಕರ ಪೋಲಿಯೊ ಬಂತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಇದ್ದದ್ದು ಒಂದೇ ಒಂದು ಉಕ್ಕಿನ ಶ್ವಾಸಕೋಶ, ಜೊತೆಗೆ ಎದೆಗೆ ಕಟ್ಟುವ ಆರು ಸಣ್ಣ ಉಪಕರಣಗಳು. ಉಸಿರಾಟದ ಸ್ನಾಯುಗಳು ಸೋತ ಮೊದಲ 31 ಮಂದಿಯಲ್ಲಿ 27 ಜನ ತೀರಿಕೊಂಡರು. ಆಗಸ್ಟ್ 27ರಂದು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಹನ್ನೆರಡು ವರ್ಷದ ಬಾಲಕಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿಸಿ, ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಉಸಿರು ತುಂಬಿದರು. ಬಾಲಕಿ ಬದುಕಿದಳು. ಅದರ ಮೇಲೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ, ಹಗಲಿರುಳು, ತಿಂಗಳುಗಟ್ಟಲೆ ರೋಗಿಗಳ ಪಕ್ಕ ಕುಳಿತು ಚೀಲ ಹಿಸುಕಿದರು. ಸಾವಿನ ಪ್ರಮಾಣ ಮೊದಲಿದ್ದುದರ ಅರ್ಧಕ್ಕೂ ಕೆಳಗಿಳಿಯಿತು. ಅದೇ ಆಸ್ಪತ್ರೆಯಲ್ಲಿ ಪೌಲ್ ಆಸ್ಟ್ರುಪ್ ರಕ್ತದ ಆಮ್ಲೀಯತೆಯನ್ನು ಅಳೆದು, ಕೊಡುತ್ತಿರುವ ಉಸಿರು ಸಾಲುತ್ತಿದೆಯೇ ಎಂದು ನೋಡುವ ಕ್ರಮವನ್ನು ರೂಢಿಗೆ ತಂದರು. ಇಂದು ಐಸಿಯುವಿನಲ್ಲಿ ‘ಎಬಿಜಿ ಮಾಡಿಸಿ’ ಎಂದಾಗ ನಡೆಯುವ ಪರೀಕ್ಷೆಯ ಮೂಲ ಅಲ್ಲಿದೆ.

ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು ಮಾಡಿದ ಕೆಲಸವನ್ನು ಈಗ ವೆಂಟಿಲೇಟರ್ ಮಾಡುತ್ತದೆ. ಹಾಗಾದರೆ ಮನುಷ್ಯನ ಅಗತ್ಯ ತೀರಿತೇ? 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಶ್ವಾಸಕೋಶ ತೀವ್ರವಾಗಿ ಜಖಂಗೊಂಡ 861 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆ ಕಾಲದ ರೂಢಿಯಂತೆ ದೇಹತೂಕದ ಪ್ರತಿ ಕಿಲೋಗೆ 12 ಮಿಲಿಲೀಟರ್ ಲೆಕ್ಕದಲ್ಲಿ, ಇನ್ನೊಂದಕ್ಕೆ 6 ಮಿಲಿಲೀಟರ್ ಲೆಕ್ಕದಲ್ಲಿ ಪ್ರತಿ ಉಸಿರನ್ನೂ ಯಂತ್ರದಿಂದ ಕೊಟ್ಟರು. ಮೊದಲನೆಯ ಗುಂಪಿನಲ್ಲಿ ಶೇಕಡಾ 39.8 ಮಂದಿ ಸತ್ತರು, ಎರಡನೆಯದರಲ್ಲಿ ಶೇಕಡಾ 31. ವೆಂಟಿಲೇಟರ್ ಎರಡೂ ಕಡೆ ಇತ್ತು. ಬದಲಾದದ್ದು ಅದನ್ನು ತಿರುಗಿಸಿದ ಅಳತೆ. ಹೆಚ್ಚು ಗಾಳಿ ತುಂಬಿದ್ದೇ ಬಡಕಲು ಶ್ವಾಸಕೋಶವನ್ನು ಇನ್ನಷ್ಟು ಹರಿದಿತ್ತು. ಇಲ್ಲಿ ದೇಹತೂಕವೆಂದರೆ ತಕ್ಕಡಿಯ ತೂಕವೂ ಅಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಮನುಷ್ಯ ದಪ್ಪಗಾದ ಮಾತ್ರಕ್ಕೆ ಅವನ ಶ್ವಾಸಕೋಶ ದೊಡ್ಡದಾಗುವುದಿಲ್ಲವಲ್ಲ! ಆದ್ದರಿಂದ ಟೇಪು ಹಿಡಿದು ರೋಗಿಯ ಎತ್ತರವನ್ನು ಅಳೆಯುವ ಒಬ್ಬ ಮನುಷ್ಯ ಬೇಕು. ಲಕ್ಷಗಟ್ಟಲೆ ಬೆಲೆಯ ಯಂತ್ರದ ಫಲಾಫಲ ಕೆಲವು ರೂಪಾಯಿಯ ಟೇಪಿನ ಮೇಲೂ ನಿಂತಿದೆ.

ಉಸಿರಾಟದ ಆರೈಕೆಯ ದಿನಚರಿ ಇಂಥ ಸಣ್ಣ ಕೆಲಸಗಳಿಂದಲೇ ತುಂಬಿದೆ. ಕೊಳವೆಯಲ್ಲಿ ಕಟ್ಟಿದ ಕಫವನ್ನು ಹೀರಿ ತೆಗೆಯಬೇಕು. ತೀರ ಕಡಿಮೆ ಮಾಡಿದರೆ ಕೊಳವೆ ಮುಚ್ಚುತ್ತದೆ, ಅತಿಯಾದರೆ ಒಳಪೊರೆ ಗಾಯವಾಗುತ್ತದೆ. ಕೊಳವೆಯ ಸುತ್ತಲಿನ ಪುಟ್ಟ ಬಲೂನಿನ ಒತ್ತಡ ಹೆಚ್ಚಾದರೆ ಶ್ವಾಸನಾಳ ಹುಣ್ಣಾಗುತ್ತದೆ, ಕಡಿಮೆಯಾದರೆ ಬಾಯಿಯ ಕೊಳೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಣಗಾಳಿಗೆ ತೇವ ಕೊಡಬೇಕು, ಹಾಸಿಗೆಯ ತಲೆಭಾಗವನ್ನು ಎತ್ತರಿಸಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿದಿನ ಬೆಳಿಗ್ಗೆ ‘ಇವತ್ತು ಇವರು ತಾವಾಗಿ ಉಸಿರಾಡಬಲ್ಲರೇ?’ ಎಂದು ಪರೀಕ್ಷಿಸಬೇಕು. ಯಂತ್ರಕ್ಕೆ ಹಾಕುವುದಕ್ಕಿಂತ ಯಂತ್ರದಿಂದ ಬಿಡಿಸುವುದು ಕಷ್ಟದ ವಿದ್ಯೆ. ಬೇಗ ಬಿಡಿಸಿದರೆ ರೋಗಿ ದಣಿದು ಮತ್ತೆ ಬೀಳುತ್ತಾನೆ. ತಡವಾದರೆ ಸೋಂಕು ತಗಲುತ್ತದೆ, ಸ್ನಾಯುಗಳು ಕೆಲಸ ಮರೆಯುತ್ತವೆ, ಮನೆಯವರ ಕೈಯ ಹಣವೂ ಕರಗುತ್ತದೆ. ದಿನಕ್ಕೆರಡು ಬಾರಿ ಬಂದುಹೋಗುವ ತಜ್ಞವೈದ್ಯರು ತೀರ್ಮಾನಗಳನ್ನು ಕೊಡಬಲ್ಲರು. ಎರಡು ಭೇಟಿಗಳ ನಡುವಿನ ಹತ್ತಾರು ಗಂಟೆಗಳಿಗೆ ಬೇರೆಯೇ ಒಬ್ಬರು ಬೇಕು.

ನಮ್ಮ ದೇಶಕ್ಕೆ ಈ ಅರಿವು ಬೇರೆ ದಾರಿಯಿಂದ ಬಂತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ 1921ರಲ್ಲಿ ಆರಂಭವಾದ ಕ್ಷಯರೋಗ ಆಸ್ಪತ್ರೆಯ ಕಾಲಕ್ಕೆ ಶ್ವಾಸಕೋಶದ ಆರೈಕೆಯೆಂದರೆ ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರ. ಯಂತ್ರಗಳು ಬಂದ ಮೇಲೆ ಮುಂಬಯಿಯಲ್ಲಿ ಧನುರ್ವಾಯುವಿನಂಥ ಕಾಯಿಲೆಗಳು ವೈದ್ಯರಿಗೆ ಪಾಠಶಾಲೆಯಾದವು, ಡಾ. ಫಾರೂಕ್ ಉದ್ವಾಡಿಯ ಆ ರೋಗದ ಬಗ್ಗೆ ಗ್ರಂಥವನ್ನೇ ಬರೆದರು. ಆದರೆ ಯಂತ್ರದ ಪಕ್ಕದಲ್ಲಿ ನಿಲ್ಲುವವರನ್ನು ಪದವಿ ಕೊಟ್ಟು ತಯಾರು ಮಾಡುವ ಕೆಲಸದಲ್ಲಿ ಮುಂದೆ ನಿಂತವುಗಳಲ್ಲಿ ಒಂದು ನಮ್ಮ ಕರಾವಳಿಯ ಮಣಿಪಾಲ. ಡಾ. ಟಿ. ಎಂ. ಎ. ಪೈ 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜನ್ನು ಕಟ್ಟಿದ ಆ ಗುಡ್ಡದ ಮೇಲೆಯೇ 1990ರ ದಶಕದಲ್ಲಿ ರೆಸ್ಪಿರೇಟರಿ ಥೆರಪಿಯ ಶಿಕ್ಷಣ ಬೇರೂರಿತು. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೂ ಈ ವಿಷಯದ ಬಿ.ಎಸ್ಸಿ. ಪದವಿ ಇದೆ. ಇಂಡಿಯನ್ ಅಸೋಸಿಯೇಷನ್ ಆಫ್ ರೆಸ್ಪಿರೇಟರಿ ಕೇರ್ ಎಂಬ ವೃತ್ತಿಸಂಘ 2012ರಿಂದ ತನ್ನದೇ ವಿದ್ವತ್ಪತ್ರಿಕೆಯನ್ನು ಹೊರತರುತ್ತಿದೆ.

ಅಂದರೆ ನಾವು ಯಾವ ಊರುಗಳಿಂದ ಈ ಊರುಗಳಿಗೆ ಬಂದೆವೋ ಆ ಉಡುಪಿ ಸೀಮೆಯಲ್ಲಿಯೇ ಈ ವಿದ್ಯೆಗೆ ಮನೆಯಿದೆ. ಆದರೆ ಅಲ್ಲಿ ಕಲಿತವರಲ್ಲಿ ಅನೇಕರು ಸೌದಿ ಅರೇಬಿಯಕ್ಕೋ ಇತರ ಕೊಲ್ಲಿ ದೇಶಗಳಿಗೋ ಹೋದರು. ಅವರನ್ನು ದೂರುವಂತಿಲ್ಲ. ಅಲ್ಲಿ ಅವರ ವೃತ್ತಿಗೆ ಹೆಸರಿತ್ತು, ಹುದ್ದೆಯಿತ್ತು, ಸಂಬಳವಿತ್ತು. ಇಲ್ಲಿ ‘ಐಸಿಯು ಟೆಕ್ನಿಷಿಯನ್’ ಎಂಬ ಅಸ್ಪಷ್ಟ ಹಣೆಪಟ್ಟಿಯ ಅಡಿಯಲ್ಲಿ, ಯಾವ ತರಬೇತಿಯೂ ಇಲ್ಲದವರ ಜೊತೆಗೆ ಒಂದೇ ಸಾಲಿನಲ್ಲಿ ನಿಲ್ಲಬೇಕಿತ್ತು.

ಇದರ ಲೆಕ್ಕ ನಮಗೆ ತಿಳಿದದ್ದು ಕೋವಿಡ್ ಕಾಲದಲ್ಲಿ. 2020ರಲ್ಲಿ ಪಿಎಂ ಕೇರ್ಸ್ ನಿಧಿಯಿಂದ 2000 ಕೋಟಿ ರೂಪಾಯಿ ವೆಚ್ಚದಲ್ಲಿ 50,000 ವೆಂಟಿಲೇಟರುಗಳನ್ನು ಒದಗಿಸುವ ಘೋಷಣೆಯಾಯಿತು. ವಾಶಿಯ ಸಿಡ್ಕೊ ಪ್ರದರ್ಶನ ಕೇಂದ್ರ ಆಸ್ಪತ್ರೆಯಾಯಿತು. ಠಾಣೆಯಲ್ಲಿಯೂ ಡೊಂಬಿವಲಿಯಲ್ಲಿಯೂ ತಾತ್ಕಾಲಿಕ ಆಸ್ಪತ್ರೆಗಳು ಎದ್ದವು. ಮರುವರ್ಷ ಎರಡನೆಯ ಅಲೆ ಬಂದಾಗ ದೇಶದ ಹಲವು ಜಿಲ್ಲೆಗಳಲ್ಲಿ ವೆಂಟಿಲೇಟರುಗಳು ಪೆಟ್ಟಿಗೆಯಲ್ಲೇ ಉಳಿದಿವೆ, ಕೆಲವು ಕೆಟ್ಟಿವೆ, ಕೆಲವನ್ನು ನಡೆಸುವವರಿಲ್ಲ ಎಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಯಂತ್ರಕ್ಕೆ ಟೆಂಡರ್ ಕರೆಯಬಹುದು. ಮೂರು ನಾಲ್ಕು ವರ್ಷ ಓದಬೇಕಾದ ಮನುಷ್ಯನಿಗೆ ಟೆಂಡರ್ ಕರೆಯಲು ಬರುವುದಿಲ್ಲ.

ಆಮ್ಲಜನಕದ ಲೆಕ್ಕವೂ ಹಾಗೆಯೇ. ಆಸ್ಪತ್ರೆಗಳಲ್ಲಿ ಕಾಣುವ ದೊಡ್ಡ ಜಂಬೊ ಸಿಲಿಂಡರಿನಲ್ಲಿ ಸುಮಾರು 7000 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 5 ಲೀಟರ್ ಬೇಕಾದ ರೋಗಿಗೆ ಅದು ಇಪ್ಪತ್ತಮೂರು ಗಂಟೆ ಬರುತ್ತದೆ. ಮೂಗಿನ ನಳಿಕೆಯ ಮೂಲಕ ನಿಮಿಷಕ್ಕೆ 60 ಲೀಟರ್ ಅಪ್ಪಟ ಆಮ್ಲಜನಕ ಕೊಟ್ಟರೆ ಎರಡು ಗಂಟೆಯೂ ಬರುವುದಿಲ್ಲ. ಯಾರಿಗೆ ಯಾವ ಸಾಧನ, ಎಷ್ಟು ವೇಗ, ಇರುವ ದಾಸ್ತಾನು ಎಷ್ಟು ಹೊತ್ತಿಗೆ ಎಂಬುದನ್ನು ಹಾಸಿಗೆಯ ಪಕ್ಕದಲ್ಲಿಯೇ ಕೂಡಿ ಕಳೆಯಬಲ್ಲವರು ಬೇಕು. 2021ರ ಏಪ್ರಿಲ್ 21ರಂದು ನಾಸಿಕದ ಆಸ್ಪತ್ರೆಯಲ್ಲಿ ಆಮ್ಲಜನಕದ ಟ್ಯಾಂಕ್ ಸೋರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಹನ್ನೆರಡು ದಿನಗಳಾಗುವಷ್ಟರಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿಯ ಸಾವಿನ ಸುದ್ದಿ ಬಂತು. ಒಂದು ನಾವಿರುವ ರಾಜ್ಯ, ಇನ್ನೊಂದು ನಮ್ಮ ತವರು ರಾಜ್ಯ. ಈ ದುರಂತಗಳಿಗೆ ಕಾರಣಗಳು ಹಲವು. ಒಬ್ಬ ಥೆರಪಿಸ್ಟ್ ಇದ್ದಿದ್ದರೆ ಎಲ್ಲವೂ ತಪ್ಪುತ್ತಿತ್ತು ಎಂದು ಹೇಳುವುದು ಸರಿಯಾಗದು. ಆದರೆ ಉಸಿರು ಎಂಬುದು ಸರಬರಾಜು, ಯಂತ್ರ, ಮನುಷ್ಯ ಈ ಮೂರರ ಸರಪಳಿ ಎಂಬುದನ್ನೂ, ಮೂರನೆಯ ಕೊಂಡಿಯನ್ನು ನಾವು ಯಾವಾಗಲೂ ಕೊನೆಗೆ ನೆನೆಯುತ್ತೇವೆ ಎಂಬುದನ್ನೂ ಆ ದಿನಗಳು ತೋರಿಸಿಕೊಟ್ಟವು.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಬ್ರಿಟನ್ನಿನಲ್ಲಿ ಅಮೆರಿಕದಂತೆ ಈ ಪ್ರತ್ಯೇಕ ವೃತ್ತಿ ಬೆಳೆಯಲಿಲ್ಲ. ಅಲ್ಲಿ ದಾದಿಯರೂ ಫಿಸಿಯೋಥೆರಪಿಸ್ಟರೂ ವೈದ್ಯರೂ ಈ ಕೆಲಸವನ್ನು ಹಂಚಿಕೊಂಡಿದ್ದಾರೆ, ಆರೈಕೆಯೂ ಕೀಳಾಗಿಲ್ಲ. ಹಾಗಿರುವಾಗ ನಮಗೇಕೆ ಇನ್ನೊಂದು ವರ್ಗ, ರೋಗಿಯ ಬಿಲ್ಲಿನಲ್ಲಿ ಇನ್ನೊಂದು ಸಾಲು? ಬ್ರಿಟನ್ನಿನ ಕ್ರಮ ನಡೆಯುವುದು ಗಂಭೀರ ರೋಗಿಯೊಬ್ಬನಿಗೆ ಒಬ್ಬ ತರಬೇತಾದ ದಾದಿ ಎಂಬ ಪ್ರಮಾಣವನ್ನು ಅವರು ಗುರಿಯಾಗಿ ಇಟ್ಟುಕೊಂಡಿರುವುದರಿಂದ. ನಮ್ಮ ಉಪನಗರಗಳ ಐಸಿಯುಗಳಲ್ಲಿ ಒಬ್ಬ ಸಿಸ್ಟರ್ ಮೂರು ನಾಲ್ಕು ಹಾಸಿಗೆಗಳ ನಡುವೆ ಓಡಾಡುವುದನ್ನು ಕಾಣದವರಿಲ್ಲ. ಔಷಧ, ಡ್ರಿಪ್, ದಾಖಲೆ, ಮಲಮೂತ್ರ, ಮನೆಯವರ ಪ್ರಶ್ನೆಗಳು, ಇವೆಲ್ಲದರ ಮೇಲೆ ವೆಂಟಿಲೇಟರನ್ನೂ ಆಕೆಯ ತಲೆಗೆ ಕಟ್ಟುವುದು ಆಕೆಗೂ ಅನ್ಯಾಯ, ರೋಗಿಗೂ ಅನ್ಯಾಯ. ಸಾಕಷ್ಟು ದಾದಿಯರನ್ನು ನೇಮಿಸಿ, ಆ ತರಬೇತಿಯನ್ನು ಅವರಿಗೇ ಕೊಡುವುದಾದರೆ ನನ್ನ ಆಕ್ಷೇಪವಿಲ್ಲ. ಎರಡೂ ಮಾಡದೆ ಫಲಕದಲ್ಲಿ ಮಾತ್ರ ‘ವೆಂಟಿಲೇಟರ್ ಸೌಲಭ್ಯ’ ಎಂದು ಬರೆಯುವುದಕ್ಕೆ ನನ್ನ ಆಕ್ಷೇಪ.

ಕೇಂದ್ರ ಸರಕಾರದ ಕಚೇರಿಯಲ್ಲಿ ಎರಡು ದಶಕ ಕಡತಗಳ ನಡುವೆ ಕಳೆದ ನನಗೆ ಒಂದು ಸತ್ಯ ಮನದಟ್ಟಾಗಿದೆ: ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ ಹೆಸರಿಲ್ಲದವನು ಎಷ್ಟೇ ದುಡಿದರೂ ಕಡತದ ಕಣ್ಣಿಗೆ ಇಲ್ಲದವನೇ. ಹೆಸರು ಬಂದ ಮೇಲೆ ಅರ್ಹತೆ ಬರುತ್ತದೆ, ಅರ್ಹತೆಯ ಹಿಂದೆ ವೇತನಶ್ರೇಣಿ, ಅದರ ಹಿಂದೆ ಹೊಣೆಗಾರಿಕೆ. ಆದ್ದರಿಂದ 2021ರ ಮಾರ್ಚಿನಲ್ಲಿ ಸಂಸತ್ತು ಅಂಗೀಕರಿಸಿದ, ಸಹಾಯಕ ಹಾಗೂ ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ನನಗೆ ಮಹತ್ವದ್ದಾಗಿ ಕಾಣುತ್ತದೆ. ಅದರ ಅನುಸೂಚಿಯ ಹತ್ತು ವರ್ಗಗಳಲ್ಲಿ ಒಂದರ ಒಳಗೆ ರೆಸ್ಪಿರೇಟರಿ ಟೆಕ್ನಾಲಜಿಸ್ಟ್ ಎಂಬ ಹೆಸರಿದೆ. ಸಹಾಯಕ ಆರೋಗ್ಯ ವೃತ್ತಿಪರರೆನಿಸಲು ಕನಿಷ್ಠ 2000 ಗಂಟೆ, ಆರೋಗ್ಯಸೇವಾ ವೃತ್ತಿಪರರೆನಿಸಲು ಕನಿಷ್ಠ 3600 ಗಂಟೆಗಳ ವ್ಯಾಸಂಗವಿರಬೇಕೆಂದು ಕಾಯ್ದೆ ಹೇಳುತ್ತದೆ. ಕಾಗದದ ಮೇಲಿನ ಈ ಸಾಲು ಕಲ್ಯಾಣದ ನಲವತ್ತು ಹಾಸಿಗೆಯ ಆಸ್ಪತ್ರೆಯವರೆಗೆ ಇಳಿಯುವುದು ಕಾನೂನಿನಿಂದ ಮಾತ್ರ ಆಗುವ ಕೆಲಸವಲ್ಲ. ಕೇಳುವ ಜನರೂ ಬೇಕು.

ಕೇಳಲು ನಮಗೆ ಕಾರಣಗಳಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ಕೈಗಾರಿಕಾ ಪ್ರದೇಶಗಳ ಮಾಲಿನ್ಯವನ್ನು ಅಂಕಗಳಲ್ಲಿ ಅಳೆದು, 70ಕ್ಕಿಂತ ಹೆಚ್ಚು ಪಡೆದವನ್ನು ತೀವ್ರ ಮಲಿನ ಎಂದು ಗುರುತಿಸಿತು. ಆಗ ಡೊಂಬಿವಲಿಗೆ ಸಿಕ್ಕ ಅಂಕ 78.41, ನವಿ ಮುಂಬಯಿಗೆ 73.77. ಜೀವನವಿಡೀ ಬೇರಾವ ಪರೀಕ್ಷೆಯಲ್ಲಿಯೂ ಇಂಥ ಅಂಕ ನಮಗೆ ಬೇಡವಾಗಿರಲಿಲ್ಲ! ಈ ಗಾಳಿಯಲ್ಲಿ ಮೂವತ್ತು ನಲವತ್ತು ವರ್ಷ ಉಸಿರಾಡಿದ, ಹೋಟೆಲಿನ ಒಲೆಯ ಮುಂದೆಯೋ ಎಂಐಡಿಸಿಯ ಕಾರ್ಖಾನೆಯಲ್ಲೋ ದುಡಿದ ತಲೆಮಾರು ಈಗ ಎಪ್ಪತ್ತು ದಾಟುತ್ತಿದೆ. ಅವರ ಮನೆಗಳಲ್ಲಿ ನೆಬ್ಯುಲೈಸರ್, ಆಕ್ಸಿಜನ್ ಕಾನ್ಸೆಂಟ್ರೇಟರ್, ರಾತ್ರಿ ಮೂಗಿಗೆ ಕಟ್ಟುವ ಬೈಪ್ಯಾಪ್ ಯಂತ್ರಗಳು ಬಂದಿವೆ. ಇನ್‌ಹೇಲರನ್ನು ಎಳೆಯುವ ಕ್ರಮ ತಪ್ಪಿದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಅದನ್ನು ಹತ್ತು ನಿಮಿಷ ಕುಳಿತು ಕಲಿಸುವವರು ಸಿಗುವುದು ಅಪರೂಪ.

ಭಾಷೆಯ ಮಾತೂ ಇಲ್ಲಿ ಬರುತ್ತದೆ. ಗಂಟಲಲ್ಲಿ ಕೊಳವೆ ಇರುವಾಗ ಗಾಳಿ ಧ್ವನಿತಂತುಗಳನ್ನು ಮುಟ್ಟುವುದಿಲ್ಲ, ಆದ್ದರಿಂದ ರೋಗಿ ಮಾತನಾಡಲಾರ. ಉಸಿರೂ ನುಡಿಯೂ ಒಂದೇ ಎಂದು ನಮ್ಮ ಹಳೆಯ ಧಾತು ಹೇಳಿದ್ದು ಅಲ್ಲಿ ಅಕ್ಷರಶಃ ನಿಜವಾಗುತ್ತದೆ. ಕೊಳವೆ ತೆಗೆದ ಮೇಲೆ ‘ದೀರ್ಘವಾಗಿ ಎಳೆಯಿರಿ, ಹಿಡಿಯಿರಿ, ಕೆಮ್ಮಿ’ ಎಂದು ಮತ್ತೆ ಮತ್ತೆ ಹೇಳಿ ಶ್ವಾಸಕೋಶವನ್ನು ಅರಳಿಸಬೇಕಾಗುತ್ತದೆ. ಮಂಪರಿನಲ್ಲಿರುವ ಹಿರಿಯರಿಗೆ ಆಗ ಹಿಂದಿ, ಮರಾಠಿಗಳು ಮರೆತುಹೋಗಿ, ಉಳಿಯುವುದು ಬಾಲ್ಯದ ನುಡಿ. ನಮ್ಮ ನೆರೆಯ ಕುಂದಾಪುರದ ಅಜ್ಜರೊಬ್ಬರಿಗೆ ಹೀಗಾದಾಗ, ಅಲ್ಲಿನ ಮರಾಠಿ ಹುಡುಗಿ, ರೆಸ್ಪಿರೇಟರಿ ಥೆರಪಿ ಓದಿದವಳು, ಅವರ ಮಗಳನ್ನು ಕೇಳಿ ಆರೇಳು ಕನ್ನಡ ಮಾತುಗಳನ್ನು ದೇವನಾಗರಿಯಲ್ಲಿ ಚೀಟಿಯ ಮೇಲೆ ಬರೆದುಕೊಂಡು ಮಂಚದ ತಲೆಗೆ ಅಂಟಿಸಿದ್ದಳು. ‘ಅಜ್ಜಾ, ಉಸಿರು ಎಳೀರಿ’ ಎಂದು ಆಕೆ ಹೇಳಿದರೆ ಅಜ್ಜ ಎಳೆಯುತ್ತಿದ್ದರು. ಅವಳ ವಿದ್ಯೆಯಲ್ಲಿ ಇದೂ ಸೇರಿದೆ ಎಂದು ನಾನು ಭಾವಿಸುತ್ತೇನೆ.

ಇನ್ನು ನಾವು ಮಾಡಬಹುದಾದದ್ದು. ಮೊದಲನೆಯದು, ಆಸ್ಪತ್ರೆಯಲ್ಲಿ ಎರಡನೆಯ ಪ್ರಶ್ನೆಯನ್ನೂ ಕೇಳುವುದು: ‘ವೆಂಟಿಲೇಟರ್ ನೋಡಿಕೊಳ್ಳುವವರು ರಾತ್ರಿ ಪಾಳಿಯಲ್ಲಿ ಇರುತ್ತಾರೆಯೇ, ಅವರ ಓದು ಏನು?’ ಹತ್ತು ಮನೆಯವರು ಕೇಳಿದರೆ ಹನ್ನೊಂದನೆಯವರು ಕೇಳುವ ಹೊತ್ತಿಗೆ ಆಸ್ಪತ್ರೆಯ ಬಳಿ ಉತ್ತರ ಸಿದ್ಧವಾಗಿರುತ್ತದೆ. ಎರಡನೆಯದು, ನಮ್ಮ ಸಂಘಗಳಿಗೆ ಸೇರಿದ್ದು. ಡೊಂಬಿವಲಿ, ಠಾಣೆ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಸಂಘಗಳು ಪ್ರತಿವರ್ಷ ವಿದ್ಯಾರ್ಥಿವೇತನ ಹಂಚುತ್ತವೆ. ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ನೋಡುತ್ತವೆ. ಆ ವೇತನಗಳಲ್ಲಿ ಒಂದು ಈ ವಿದ್ಯೆ ಓದುವ ಮಗುವಿಗೆ ಹೋಗಲಿ, ಆ ಶಿಬಿರದಲ್ಲಿ ಇನ್‌ಹೇಲರ್ ಕಲಿಸುವ ಒಂದು ಮೇಜು ಇರಲಿ. ನೀಟ್ ಪರೀಕ್ಷೆಯಲ್ಲಿ ಸೀಟು ಸಿಗದ ಮಕ್ಕಳ ಮುಂದೆ ಜಗತ್ತು ಮುಗಿದಂತೆ ಕೂರುವ ತಂದೆತಾಯಿಗಳು ಈ ದಾರಿಯನ್ನೂ ಒಮ್ಮೆ ನೋಡಲಿ.

ಮೂರನೆಯದು ಬರೆಯುವವರಾದ ನಮ್ಮ ಕೆಲಸ. ‘ಶ್ವಾಸ ಚಿಕಿತ್ಸಕ’ ಎಂದರೆ ವೈದ್ಯರೆಂಬ ಗೊಂದಲವಾಗುತ್ತದೆ. ‘ಶ್ವಸನ ತಂತ್ರಜ್ಞ’ ಎಂದರೆ ಮತ್ತೆ ಯಂತ್ರವೇ ಮುಂದೆ ನಿಲ್ಲುತ್ತದೆ. ಈ ವಿದ್ಯೆಯನ್ನು ‘ಉಸಿರಾರೈಕೆ’ ಎಂದೂ ಅದನ್ನು ಮಾಡುವವರನ್ನು ‘ಉಸಿರಾರೈಕೆಯವರು’ ಎಂದೂ ಕರೆಯಬಹುದೆಂದು ನನ್ನ ಸೂಚನೆ. ಅಡುಗೆಯವರು, ಅಂಗಡಿಯವರು ಎಂಬಷ್ಟೇ ಸಹಜವಾಗಿ ಅದು ಬಾಯಲ್ಲಿ ನಿಲ್ಲುತ್ತದೆ, ಗೌರವವೂ ಅದರಲ್ಲಿಯೇ ಇದೆ. ಇದಕ್ಕಿಂತ ಒಳ್ಳೆಯ ಪದ ಬಳಗದಲ್ಲಿ ಯಾರಿಗಾದರೂ ಹೊಳೆದರೆ ನನ್ನದನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.